ಗಡಿ ಸೇತುವೆಯ ಐದನೇ ಹೆಸರು

ಚಿಕ್ಕಪ್ಪ ರಾಗಿ ಮೆದೆಯ ಮೇಲೆ ನಿಂತು ಕೈ ಚಾಚಿದರು. ಕೆಳಗಿನಿಂದ ಗಂಗಾಲಕ್ಷ್ಮಿ ಒಂದು ಕಂತೆ ಎತ್ತಿ ಕೊಟ್ಟಳು. ಕಂತೆ ಅವರ ಕೈ ಸೇರಿತು. ಅವಳ ಕಣ್ಣು ಮಾತ್ರ ಆ ಎಡಗೈಯ ಕಿರುಬೆರಳಿನ ಮೇಲೆ ಉಳಿಯಿತು.

ಮೊದಲ ಗೆಣ್ಣಿನಿಂದಾಚೆ ಬೆರಳಿರಲಿಲ್ಲ.

ಆ ಕೈ ಹಿಡಿದೇ ನಡೆಯಲು ಕಲಿತವಳು ಅವಳು. ಜಾತ್ರೆ, ಆಸ್ಪತ್ರೆ, ಶಾಲೆ, ಎಲ್ಲ ಕಡೆಗೂ ಆ ಕೈ ಹಿಡಿದೇ ಹೋಗಿದ್ದಳು. ಐವತ್ತಮೂರು ವರ್ಷದಲ್ಲಿ ಆ ಬೆರಳನ್ನು ಎಷ್ಟು ಸಾವಿರ ಸಲ ನೋಡಿರಬಹುದು. ಪೊಲೀಸಿನವಳ ಕಣ್ಣಿನಿಂದ ನೋಡಿದ್ದು ಇವತ್ತೇ ಮೊದಲು.

"ಏನ್ ಪಾಪಾ, ನಿಂತಲ್ಲೇ ನಿದ್ದೆ ಬಂತಾ? ಇನ್ನೊಂದ್ ಕಂತೆ ಕೊಡು."

ಕೊಟ್ಟಳು.

ಎದೆ ಹೊಡೆದುಕೊಳ್ಳಬೇಕಿತ್ತು, ಹೊಡೆದುಕೊಳ್ಳಲಿಲ್ಲ. ಹಲ್ಲು ಕೀಳಿಸಿಕೊಂಡು ಬಂದ ದಿನ ದವಡೆ ಮರಗಟ್ಟಿರುತ್ತದಲ್ಲ, ಮುಟ್ಟಿದರೆ ಯಾರದೋ ದವಡೆ ಮುಟ್ಟಿದ ಹಾಗೆ, ಅವಳಿಗೆ ಬೆಳಿಗ್ಗೆಯಿಂದ ಇಡೀ ಮೈ ಹಾಗೇ ಇತ್ತು.

ಬೆಳಿಗ್ಗೆ ಶ್ರೀನಿವಾಸಪುರದ ಠಾಣೆಯಲ್ಲಿ ರೈಟರ್ ನಂದೀಶ ಒಂದು ಫೈಲನ್ನು ಅವಳ ಮುಂದೆ ತಳ್ಳಿದ್ದ.

"ಹೆಡ್ ಮೇಡಂ, ನಿಮ್ಮನೇದೇ ವಿಚಾರಣೆ ಬಂದಿದೆ. ನೀವೇ ತನಿಖಾಧಿಕಾರಿ, ನೀವೇ ಸಾಕ್ಷಿ, ನೀವೇ ಪಂಚರು. ಕಾಫಿ ಮಾತ್ರ ನಂಗೆ ಕೊಡಿಸ್ಬೇಕು."

"ಕೊಡಿಸ್ತೀನಿ ಬಿಡು. ಯಾವಾಗ ಕಳಿಸ್ಬೇಕು?"

"ಇವತ್ತು ಸಂಜೆ ಐದರೊಳಗೆ. ಅಮ್ಮನ ರೈಲ್ ಟಿಕೆಟ್ ನಿಮ್ಮ ವರದಿ ಮೇಲೆ ನಿಂತಿದೆ."

ಪಂಜಾಬಿನ ಗಡಿಯ ಒಂದು ನಾಲೆಯ ಮೇಲೆ, ಎಪ್ಪತ್ತೊಂದರ ಯುದ್ಧದಲ್ಲಿ, ಒಂದೇ ರಾತ್ರಿಯಲ್ಲಿ ಸೈನಿಕರು ಕಟ್ಟಿದ ಪುಟ್ಟ ಕಬ್ಬಿಣದ ಸೇತುವೆಯ ವಿಷಯ ಆ ಫೈಲಿನಲ್ಲಿತ್ತು. ನಲವತ್ತು ಹೆಜ್ಜೆ ಉದ್ದ ಅಷ್ಟೆ. ಈಗ ತುಕ್ಕು ಉಜ್ಜಿ, ಬಣ್ಣ ಬಳಿದು, ಸುತ್ತ ಸರಪಳಿ ಕಟ್ಟಿ ಸ್ಮಾರಕ ಮಾಡಿದ್ದಾರೆ. ಅದನ್ನು ಕಟ್ಟುತ್ತಾ ಸತ್ತ ಐವರ ಹೆಸರು ಹಲಗೆಯ ಮೇಲಿದೆ. ಐದನೆಯದು ಕದಿರಪ್ಪ ಬಿನ್ ಸೊಣ್ಣಪ್ಪ, ಕೋಲಾರ ಜಿಲ್ಲೆ. ಗಂಗಾಲಕ್ಷ್ಮಿಯ ತಂದೆ. ಅವಳು ಹುಟ್ಟುವ ಮೊದಲೇ ಸತ್ತವರು.

ಮುಂದಿನ ವಾರ ಅಲ್ಲಿ ಐದೂ ಮನೆಯವರಿಗೆ ಸನ್ಮಾನ. ಅದಕ್ಕೆ ಮೊದಲು ಸ್ಥಳೀಯ ಪೊಲೀಸರು ಒಂದು ಹಾಳೆ ತುಂಬಿ ಕಳಿಸಬೇಕು. ಅದರ ಕೊನೆಯಲ್ಲಿ ಅಮ್ಮನ ಬಗ್ಗೆ ಒಂದು ಪ್ರಶ್ನೆ: ಸದರಿ ದೊಡ್ಡಗಂಗಮ್ಮ ಮೃತ ಯೋಧನ ವಿಧವೆ ಹೌದೇ, ಅಲ್ಲವೇ?

ಹೌದು ಎಂದು ಬರೆದು ಕಾಫಿ ಕುಡಿಯಲು ಏಳುವವಳಿದ್ದಳು. ಮೂವತ್ತು ವರ್ಷದ ಅಭ್ಯಾಸ ಬಿಡಬೇಕಲ್ಲ. ಜೊತೆಗಿದ್ದ ಹಳೆಯ ಸೇವಾ ದಾಖಲೆಯ ನಕಲನ್ನು ಮಗುಚಿ ಹಾಕಿದಳು. ಫೋಟೋ ಇರಬೇಕಾದ ಕಡೆ ಅಂಟಿನ ಕಲೆ ಮಾತ್ರ ಇತ್ತು. ಕೆಳಗೆ ಎಡ ಹೆಬ್ಬೆಟ್ಟಿನ ಗುರುತು. ಅದರ ಪಕ್ಕದಲ್ಲಿ, ೧೯೬೯ರಲ್ಲಿ ಸೇರಿಸಿಕೊಂಡಾಗ ಬರೆದ ಚಹರೆ: ಎಡಗೈ ಕಿರುಬೆರಳು, ಮೊದಲ ಗೆಣ್ಣಿನಿಂದ ಮುಂದಕ್ಕೆ ಇಲ್ಲ.

ಇನ್ನೊಂದು ಪುಟದಲ್ಲಿ ರಜೆಗಳು. ಅಲ್ಲಿದ್ದದ್ದು ಒಂದೇ ರಜೆ. ೧೯೭೧ರ ಜನವರಿ ೧೮ರಿಂದ ಫೆಬ್ರವರಿ ೧೬ರವರೆಗೆ, ಮದುವೆಗೆಂದು. ಆಮೇಲೆ ಡಿಸೆಂಬರಿನಲ್ಲಿ ಸಾಯುವವರೆಗೆ ಒಂದು ದಿನದ ರಜೆಯೂ ಇಲ್ಲ.

ಗಂಗಾಲಕ್ಷ್ಮಿ ಹುಟ್ಟಿದ್ದು ೧೯೭೨ರ ಏಪ್ರಿಲ್ ೨೬.

ಬೆರಳು ಮಡಿಸಿ ಎಣಿಸಿದಳು. ಮತ್ತೊಮ್ಮೆ ಎಣಿಸಿದಳು. ನಂತರ ಫೈಲನ್ನು ಚೀಲಕ್ಕೆ ಹಾಕಿ, ನಂದೀಶನಿಗೆ ಕಾಫಿಗೆ ಹೇಳಿ, ಸ್ಕೂಟರ್ ತೆಗೆದು ರಾಯಲ್ಪಾಡಿನ ಮನೆಗೆ ಬಂದಳು.

*

ಅಮ್ಮ ಜಗಲಿಯಲ್ಲಿ ಕಾಲು ಚಾಚಿ ಕೂತು ನೆನೆಸಿದ ಅವರೆಕಾಳು ಹಿತುಕುತ್ತಿದ್ದಳು. ಹೆಬ್ಬೆಟ್ಟು ಮತ್ತು ತೋರುಬೆರಳ ನಡುವೆ ಒಂದು ಒತ್ತು. ಕಾಳು ಪಾತ್ರೆಗೆ ಹಾರುತ್ತಿತ್ತು, ಸಿಪ್ಪೆ ಬೆರಳಲ್ಲಿ ಉಳಿಯುತ್ತಿತ್ತು. ಎಪ್ಪತ್ತಮೂರರಲ್ಲೂ ಕಣ್ಣುಮುಚ್ಚಿ ಮಾಡುವ ಕೆಲಸ. ಹಣೆ ಬೋಳು, ಕೈ ಬೋಳು. ಅವಳನ್ನು ಬೇರೆ ಥರ ಕಂಡವರು ಈ ಊರಲ್ಲಿ ಯಾರೂ ಇಲ್ಲ.

ಗಂಗಾಲಕ್ಷ್ಮಿ ಮೆದೆಯಿಂದ ಬಂದು ಪಕ್ಕದಲ್ಲಿ ಕೂತಳು. ತಾನೂ ಒಂದು ಹಿಡಿ ಕಾಳು ತೆಗೆದುಕೊಂಡಳು.

"ಅಮ್ಮಾ, ಅಪ್ಪ ಕೊನೇ ಸಲ ರಜೆ ಮೇಲೆ ಬಂದಿದ್ದು ಯಾವಾಗ?"

"ಏಮೇ, ಎಷ್ಟ್ ಸಲ ಹೇಳೋದು? ಮದುವೆ ಆದ್ ವರ್ಷ. ಮೊದಲ್ನೇ ಆಷಾಢ ಅಂತ ನಾನು ತವರಲ್ಲಿದ್ದೆ. ಆಷಾಢ ಕಳ್ದು ಶ್ರಾವಣಕ್ಕೆ ಬಂದೆ. ಅವರು ಆಗ್ಲೇ ಮನೇಲಿದ್ರು."

"ಎಷ್ಟು ದಿನ ಇದ್ರು?"

ಅಮ್ಮನ ಬೆರಳು ಒಂದು ಕಾಳಿನ ಮೇಲೆ ನಿಂತಿತು. ಮತ್ತೆ ಒತ್ತಿತು.

"ಇದ್ರು. ಹದಿನೈದು ದಿನ ಇದ್ರೇನೋ."

"ಮಿಲಿಟರಿ ಪಟ್ಟಾಳದವರು ಆ ರಜೆ ಕೊಟ್ಟೇ ಇಲ್ಲ ಅಂತಾರೆ ಅಮ್ಮ."

"ಅವರು ಬರ್ದಿರೋದೆಲ್ಲ ಸರೀನಾ? ನನ್ ವಯಸ್ಸೇ ತಪ್ಪು ಬರ್ದಿದ್ರು."

ದಾರಿಯುದ್ದಕ್ಕೂ ಗಂಗಾಲಕ್ಷ್ಮಿ ಆ ತಾರೀಖುಗಳಿಗೆ ಒಂದೇ ಅರ್ಥ ಹಚ್ಚಿಕೊಂಡಿದ್ದಳು. ಗಂಡ ಗಡಿಯಲ್ಲಿ, ಮನೆಯಲ್ಲಿ ಮೈದುನ. ಆ ಅರ್ಥಕ್ಕೆ ಅವಳು ಸಿಟ್ಟಾಗಲೂ ಇಲ್ಲ, ಅಳಲೂ ಇಲ್ಲ. ಯಾರದೋ ಮನೆಯ ದೂರು ಓದಿದ ಹಾಗೆ ಓದಿ ಪಕ್ಕಕ್ಕಿಟ್ಟಿದ್ದಳು.

ಆದರೆ ಬೆರಳು ಆ ಅರ್ಥಕ್ಕೆ ಹೊಂದುತ್ತಿರಲಿಲ್ಲ. ಪಟ್ಟಾಳ ಸೇರಿದವನಿಗೆ ಬೆರಳಿರಲಿಲ್ಲ. ಪಟ್ಟಾಳಕ್ಕೇ ಹೋಗದ ಚಿಕ್ಕಪ್ಪನಿಗೂ ಅದೇ ಬೆರಳಿಲ್ಲ, ಅದೇ ಗೆಣ್ಣಿನಿಂದ.

"ಅಮ್ಮಾ, ಆವನಿ ಬಿಟ್ಟು ನಾವು ಈ ಊರಿಗೆ ಯಾಕೆ ಬಂದ್ವಿ?"

"ಮಾವಿನ ತೋಪು ಕಾಯೋ ಕೆಲಸ ಸಿಕ್ತು, ಬಂದ್ವಿ."

"ಅಪ್ಪ ಸತ್ತ ತಂತಿ ಬಂದ ಎಷ್ಟು ದಿನಕ್ಕೆ?"

ಅಮ್ಮ ಇನ್ನೊಂದು ಹಿಡಿ ಕಾಳು ತೆಗೆದುಕೊಂಡಳು. ಆವನಿಯಲ್ಲಿ ಸ್ವಂತ ಹೊಲ, ಸ್ವಂತ ಮನೆ, ಹಿಪ್ಪುನೇರಳೆ ತೋಟ ಇತ್ತೆಂದು ಗಂಗಾಲಕ್ಷ್ಮಿ ಕೇಳಿದ್ದಳು. ಅದನ್ನೆಲ್ಲ ಬಿಟ್ಟು ಬೇರೆಯವರ ತೋಪು ಕಾಯಲು ಯಾರೂ ಸುಮ್ಮನೆ ಬರುವುದಿಲ್ಲ. ತಮ್ಮ ಮುಖ ಗೊತ್ತಿರುವ ಊರಿನಲ್ಲಿ ಇರಲಾಗದವರು ಮಾತ್ರ ಬರುತ್ತಾರೆ.

ಅವಳು ಎದ್ದಳು. ಹಿತುಕಿದ ಕಾಳನ್ನು ಅಮ್ಮನ ಪಾತ್ರೆಗೆ ಸುರಿದಳು. ಚೀಲದಿಂದ ಫೈಲ್ ತೆಗೆದುಕೊಂಡು ಕಣಕ್ಕೆ ನಡೆದಳು.

*

ಚಿಕ್ಕಪ್ಪ ಮೆದೆಯಿಂದಿಳಿದು ನೆರಳಿನಲ್ಲಿ ಬೀಡಿ ಹಚ್ಚಿದ್ದರು.

"ಒಂದು ವಿಷಯ ಕೇಳ್ಬೇಕಿತ್ತು. ನೀವು ನಿಜ ಹೇಳ್ಬೇಕು."

"ನೀವು?" ಅವರು ನಕ್ಕರು. "ಹುಟ್ಟಿದಾಗಿಂದ ನೀನು ಅಂದೋಳು ಇವತ್ತು ನೀವು ಅಂತೀಯಾ? ನಾನೇನ್ ಕಳ್ಳಾನಾ, ಪೊಲೀಸಮ್ಮ?"

"ನಿಮ್ಮ ಮನೇಲಿ ಇಬ್ಬರಿಗೂ ಒಂದೇ ಹೆಸರು ಯಾಕಿಟ್ರು?"

"ಅದು ಎಲ್ರಿಗೂ ಗೊತ್ತಿರೋದೇ ಅಲ್ವಾ. ನಮ್ಮವ್ವಂಗೆ ಹುಟ್ಟಿದ ಮಕ್ಕಳು ಉಳೀತಿರ್ಲಿಲ್ಲ. ಕದಿರಿ ನರಸಿಂಹಸ್ವಾಮಿಗೆ ಹರಕೆ ಕಟ್ಕೊಂಡ್ಳು, ಉಳಿದವಕ್ಕೆಲ್ಲ ನಿನ್ನ ಹೆಸರೇ ಅಂತ. ಇಬ್ಬರು ಉಳಿದ್ವಿ. ಅವನು ದೊಡ್ಡ ಕದಿರಪ್ಪ, ನಾನು ಚಿಕ್ಕ ಕದಿರಪ್ಪ."

"ಶಾಲೆ ಪುಸ್ತಕದಲ್ಲಿ?"

"ಅಲ್ಲೆಲ್ಲಿ ದೊಡ್ಡ ಚಿಕ್ಕ? ಇಬ್ಬರೂ ಕದಿರಪ್ಪ ಬಿನ್ ಸೊಣ್ಣಪ್ಪ."

ಗಂಗಾಲಕ್ಷ್ಮಿ ದಾಖಲೆಯ ಹಾಳೆ ಬಿಚ್ಚಿ ಅವರ ಮುಂದೆ ಹಿಡಿದಳು. ಚಹರೆಯ ಸಾಲನ್ನು ಓದಿದಳು. ಠಾಣೆಯಲ್ಲಿ ಜಪ್ತಿ ಪಟ್ಟಿ ಓದುವ ದನಿಯಲ್ಲೇ ಓದಿದಳು.

ಅವರು ಎಡಗೈಯನ್ನು ಮಡಿಲಿಗೆ ಎಳೆದುಕೊಂಡರು.

"ಅಣ್ಣಂಗೂ ಹಂಗೇ ಆಗಿತ್ತು. ರೇಷ್ಮೆ ಹುಳಕ್ಕೆ ಸೊಪ್ಪು ಕತ್ತರಿಸೋ ಮಚ್ಚು. ನಮ್ಮನೇಲಿ ಇಬ್ಬರೂ..."

"ಇಬ್ಬರಿಗೂ ಅದೇ ಕೈ, ಅದೇ ಬೆರಳು, ಅದೇ ಗೆಣ್ಣಾ?"

ಅವರು ಬೀಡಿಯ ಬೂದಿ ಕೊಡವಿದರು.

"ಇಲ್ಲಿ ಹೆಬ್ಬೆಟ್ಟಿನ ಗುರುತಿದೆ. ನಿಮ್ಮ ಹೆಬ್ಬೆಟ್ಟು ರೇಷನ್ ಕಾರ್ಡಿಗೂ ಬಿದ್ದಿದೆ, ಆಧಾರಿಗೂ ಬಿದ್ದಿದೆ. ಬೆಂಗಳೂರಿಗೆ ಕಳಿಸಿದ್ರೆ ಎರಡು ದಿನಕ್ಕೆ ಬರೆದು ಕಳಿಸ್ತಾರೆ. ಅವರು ಹೇಳೋದಕ್ಕಿಂತ ನೀವೇ ಹೇಳೋದು ವಾಸಿ."

ಬೀಡಿ ತಾನಾಗಿ ಆರಿತು. ಅವರು ಅದನ್ನು ಎಸೆಯಲಿಲ್ಲ. ಕಿವಿಯ ಸಂದಿಗೆ ಸಿಕ್ಕಿಸಿಕೊಂಡರು.

"ನಮ್ಮೂರಲ್ಲಿ ಕೆರೆ ಹೂಳೆತ್ತೋಕೆ ಮನೆಗೊಬ್ಬ ಬರ್ಬೇಕು ಅಂತ ಕೂಗೋರು, ಪಾಪಾ. ಕದಿರಪ್ಪಾ ಅಂತ ಕೂಗಿದ್ರೆ ನಮ್ಮಲ್ಲಿ ಯಾವನು ಬಿಡುವಾಗಿದ್ದಾನೋ ಅವನು ಗುದ್ದಲಿ ಹಿಡ್ಕೊಂಡು ಹೋಗೋನು. ನೀರಿನ ಸರದಿಗೂ ಅಷ್ಟೆ, ಸೊಸೈಟಿ ಸಾಲಿಗೂ ಅಷ್ಟೆ. ಯಾರೂ ಕೇಳ್ತಿರ್ಲಿಲ್ಲ. ಮನೆ ಕಡೆಯಿಂದ ಒಬ್ಬ ಬಂದ, ಆಯ್ತು."

"ಹ್ಞೂಂ."

"ಪಟ್ಟಾಳಾನೂ ಹಂಗೇ ಅಂದ್ಕೊಂಡ್ವಿ."

ತೋಪಿನ ಕಡೆಯಿಂದ ಔಷಧಿ ಹೊಡೆಯುವ ಯಂತ್ರದ ಸದ್ದು ಬರುತ್ತಿತ್ತು. ಅದು ನಿಂತಿತು. ಮತ್ತೆ ಶುರುವಾಯಿತು.

"ಪಟ್ಟಾಳ ಸೇರಿದ ದೊಡ್ಡೋನು ನಾನೇ. ಬೆಂಗಳೂರಲ್ಲಿ ತರಬೇತಿ ಮುಗಿಸ್ಕೊಂಡು ನನ್ನ ಮದುವೆಗೆ ಬಂದೆ. ರಜೆ ಮುಗಿಯೋ ಹೊತ್ತಿಗೆ ಟೈಫಾಯ್ಡ್. ಎದ್ದು ನಿಂತ್ರೆ ಬೀಳ್ತಿದ್ದೆ. ಹೋಗದಿದ್ರೆ ಓಡಿಹೋದ ಅಂತ ಬರ್ಕೊತಾರೆ. ಹೊಸ ಕಂಪನಿ, ಗಡಿ ಹತ್ರ. ಅಲ್ಲಿ ಯಾರಿಗೂ ನನ್ನ ಮುಖ ಗೊತ್ತಿಲ್ಲ. ತಮ್ಮ ಅಂದ, ನಾನ್ ಹೋಗಿ ಹಾಜರಿ ಹಾಕಿರ್ತೀನಿ, ನೀನ್ ಹುಷಾರಾದ್ಮೇಲೆ ಬಾ, ಬದಲಾಯಿಸ್ಕೊಳ್ಳೋಣ ಅಂತ."

"ಬೆರಳು?"

"ಕೈಗೆ ಬಟ್ಟೆ ಸುತ್ಕೊಂಡು ಹೋದ. ಕೇಳಿದ್ರೆ ಗಾಯ ಅಂತೀನಿ ಅಂದ. ಯಾರೂ ಕೇಳ್ಲೇ ಇಲ್ಲವಂತೆ. ಅಲ್ಲಿ ಗುಂಡಿ ತೋಡೋಕೆ, ಕಬ್ಬಿಣ ಹೊರೋಕೆ ಆಳು ಬೇಕಿತ್ತು. ಹೊರೋಕೆ ಅವನು ನಂಗಿಂತ ಗಟ್ಟಿ."

"ಹುಷಾರಾದ ಮೇಲೆ ನೀವು ಯಾಕೆ ಹೋಗ್ಲಿಲ್ಲ?"

"ಕಾಗದ ಬರೆದ. ಇಲ್ಲಿ ಊಟ ಚೆನ್ನಾಗಿದೆ, ನೀನ್ ಬರ್ಬೇಡ, ಅತ್ತಿಗೇನ ನೋಡ್ಕೊ ಅಂತ." ಅವರು ಅಂಗೈ ನೋಡಿಕೊಂಡರು. "ನಂಗೂ ಅದೇ ಬೇಕಿತ್ತು."

ಗಂಗಾಲಕ್ಷ್ಮಿ ಫೈಲಿನಲ್ಲಿದ್ದ ಸೇತುವೆಯ ಫೋಟೋ ತೆಗೆದಳು. ಹಸಿರು ಬಣ್ಣದ ಕಬ್ಬಿಣ, ಸರಪಳಿ, ಆಚೆ ಬೇಲಿ, ಬೇಲಿಯಾಚೆ ಬೇರೆ ದೇಶದ ಗೋಧಿ ಹೊಲ.

"ಈ ಜಾಗಕ್ಕೆ ನೀವು ಒಂದ್ಸಲಾನೂ ಹೋಗಿಲ್ವಾ?"

"ಇಲ್ಲ."

"ಆಮೇಲೂ?"

"ಇಲ್ಲಮ್ಮ. ನಾಲೆ ಎಷ್ಟಗಲ ಅನ್ನೋದೂ ನಂಗೊತ್ತಿಲ್ಲ. ತಂತಿ ಬಂದ ದಿನ ನಾನು ಊರಲ್ಲೇ ಇರ್ಲಿಲ್ಲ, ಹರಕೆ ತೀರಿಸೋಕೆ ಕದಿರಿಗೆ ಹೋಗಿದ್ದೆ. ಬರೋ ಹೊತ್ತಿಗೆ ದೊಡ್ಡ ಕದಿರಪ್ಪ ಸತ್ತುಹೋಗಿದ್ದ. ಸತ್ತೋನು ನಾನೇ. ಎದ್ದು ಬಂದು ನಾನ್ ಬದುಕಿದ್ದೀನಿ ಅಂದ್ರೆ ನನ್ನ ಒಳಗೆ ಹಾಕ್ತಾರೆ, ಅವನ ಹೆಣಾನ ಕಳ್ಳನ ಹೆಣ ಅಂತಾರೆ. ಚಿಕ್ಕ ಕದಿರಪ್ಪ ಆಗಿ ಉಳ್ಕೊಂಡೆ."

ಅವರು ತಲೆಯೆತ್ತಿ ಅವಳನ್ನು ನೋಡಿದರು. ತಂದೆ ನೋಡುವ ಹಾಗೆ ನೋಡಿದರೇನೋ. ಅವಳಿಗೆ ವ್ಯತ್ಯಾಸ ತಿಳಿಯಲಿಲ್ಲ. ಇಷ್ಟು ವರ್ಷವೂ ಅವರು ಹಾಗೆಯೇ ನೋಡಿದ್ದರು.

"ನಾನು ನಿಮ್ಮ ಮಗಳಾ?"

"ಇನ್ಯಾರ ಮಗಳು ನೀನು!"

ಗಂಗಾಲಕ್ಷ್ಮಿ ತಲೆಯಾಡಿಸಿದಳು. ಕಣದ ನೆಲಕ್ಕೆ ಸಗಣಿ ಸಾರಿಸಿದ್ದು ಒಂದು ಕಡೆ ಬಿರುಕು ಬಿಟ್ಟಿತ್ತು. ನಾಳೆ ಮತ್ತೆ ಸಾರಿಸಬೇಕು ಎಂದು ಅವಳಿಗೆ ಅನ್ನಿಸಿತು. ಅಷ್ಟೇ ಅನ್ನಿಸಿತು.

"ಅಮ್ಮನಿಗೆ?"

"ನನ್ನನ್ನೇ ಕೇಳು," ಎಂಬ ದನಿ ಹಿಂದಿನಿಂದ ಬಂತು.

ಅಮ್ಮ ಮೆದೆಯ ಮಗ್ಗುಲಲ್ಲಿ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಕೈಬೆರಳುಗಳಿಗೆ ಅವರೆ ಸಿಪ್ಪೆ ಅಂಟಿತ್ತು.

"ಗಂಡ ಎದುರಿಗೆ ಓಡಾಡ್ಕೊಂಡಿದ್ರೂ ಕುಂಕುಮ ಅಳಿಸ್ಕೊಂಡ್ಯಾ ಅಮ್ಮ?"

"ಅಳಿಸ್ಕೊಂಡೆ."

"ಹಗಲೊತ್ತು ನಾಟಕ."

"ನಾಟಕ ಅನ್ಬೇಡ." ಅಮ್ಮ ದನಿ ಏರಿಸಲಿಲ್ಲ. "ಒಬ್ಬ ಸತ್ತಿದ್ದ ತಾನೆ? ಇಪ್ಪತ್ತು ವರ್ಷದ ಹುಡುಗ. ಅತ್ತಿಗೆ ಅಂತ ನನ್ ಕೈಲಿ ಮುದ್ದೆ ಹಾಕಿಸ್ಕೊಂಡು ತಿಂದು ಹೋದೋನು. ಅವನಿಗಾಗಿ ಬಳೆ ಒಡ್ಕೊಳ್ಳೋಕೆ ಹೆಂಡ್ತಿ ಇರ್ಲಿಲ್ಲ. ನಾನ್ ಒಡ್ಕೊಂಡೆ. ಅದ್ರಲ್ಲಿ ಸುಳ್ಳೇನಿದೆ?"

ಅವಳು ಬೆರಳಿಗಂಟಿದ ಸಿಪ್ಪೆಯನ್ನು ಸೆರಗಿಗೆ ಒರೆಸಿಕೊಂಡಳು.

"ಇವನೂ ಆವತ್ತಿಂದ ನನ್ನ ಅತ್ತಿಗೆ ಅಂತಾನೇ ಕರೆದಿದ್ದು. ನಾನೂ ಕದಿರಪ್ಪಾ ಅಂತಾನೇ ಕರೆದಿದ್ದು. ಬೇರೆ ಕೋಣೆ, ಬೇರೆ ಚಾಪೆ. ಕೇಳ್ಕೊಬೇಕಾದ್ರೆ ಕೇಳ್ಕೊ. ಈಗ ಆ ಹಾಳೇಲಿ ಹೌದು ಅಂತ ಬರಿ. ನಾನು ಹೋಗಿ ಆ ಹುಡುಗ ಬಿದ್ದ ಜಾಗ ನೋಡ್ಬೇಕು. ಅಷ್ಟೇ ನಂಗೆ ಬೇಕಾಗಿರೋದು."

ಹೌದು ಎಂದು ಬರೆದರೆ ಸರ್ಕಾರಿ ಹಾಳೆಯ ಮೇಲೆ ತಿಳಿದೂ ತಿಳಿದೂ ಸುಳ್ಳು. ಅಲ್ಲ ಎಂದು ಬರೆದರೆ ಮುಂದಿನ ವಾರ ಆ ಹಲಗೆಯ ಐದನೇ ಹೆಸರಿನ ಮೇಲೆ ಬಟ್ಟೆ ಮುಚ್ಚುತ್ತಾರೆ, ಈ ಮನೆಗೆ ಪೊಲೀಸರು ಬರುತ್ತಾರೆ. ಗಂಗಾಲಕ್ಷ್ಮಿಯ ಖಾಕಿ ಕೂಡ ಯೋಧನ ಮಗಳೆಂದು ಸಿಕ್ಕಿದ್ದು. ಅದೂ ಹೋಗುತ್ತದೆ.

ಹೆಸರೇನೋ ತಪ್ಪಲ್ಲ. ಸತ್ತವನೂ ಕದಿರಪ್ಪನೇ, ಅವನಪ್ಪನೂ ಸೊಣ್ಣಪ್ಪನೇ.

ಅವಳು ಪೆನ್ನಿನ ಮುಚ್ಚಳ ತೆಗೆದಳು. ಆಗ ಫೋನ್ ಬಂತು.

*

ಸ್ಮಾರಕದ ಕಡೆಯಿಂದ ಎಲ್ಲ ಮನೆಗಳನ್ನೂ ಸಂಪರ್ಕಿಸುತ್ತಿದ್ದ ನಿವೃತ್ತ ಸುಬೇದಾರ್ ಉಮಾಶಂಕರ್. ಕೋಲಾರದವರು, ತುಂಬ ಮಾತಿನವರು. ಗಂಗಾಲಕ್ಷ್ಮಿ ಕಣ ದಾಟಿ, ಮಾವಿನ ಸಾಲಿನವರೆಗೆ ಹೋಗಿ ಮಾತಾಡಿದಳು.

"ಮೇಡಂ, ಒಳ್ಳೇ ಸುದ್ದಿ! ನಿಮ್ಮ ತಂದೆ ಜೊತೆ ಆ ಸೇತುವೆ ಹತ್ರ ಇದ್ದವರು ಒಬ್ಬರು ಬದುಕಿದ್ದಾರೆ. ಗಂಗಾಧರ್ ಅಂತ, ಮಾಲೂರು ತಾಲ್ಲೂಕು ಮಾಸ್ತಿಯವರು. ನಿಮ್ಮಮ್ಮನ ಜೊತೆ ಅದೇ ರೈಲಲ್ಲಿ ಬರ್ತಾರೆ."

"ಯಾರು? ಅಪ್ಪನ ಕಂಪನಿಯವರಾ?"

"ಅಲ್ಲಲ್ಲ. ಸೇತುವೆ ಸಾಮಾನು ಹೊತ್ಕೊಂಡು ಹೋದ ಲಾರಿ ಡ್ರೈವರ್. ಆವತ್ತು ಸಂಜೆ ನಾಲೆ ಹತ್ರ ಸಾಮಾನು ಇಳಿಸುವಾಗಲೇ ನಿಮ್ಮ ತಂದೇನ ಮೊದಲ ಸಲ ನೋಡಿದ್ದಂತೆ. ನಮ್ಮ ಜಿಲ್ಲೆಯವನು ಅಂತ ಗೊತ್ತಾಗಿ ಒಂದೇ ತಟ್ಟೇಲಿ ಉಂಡ್ರಂತೆ. ಮುಖ ಕಣ್ಣಿಗೆ ಕಟ್ಟಿದ ಹಾಗಿದೆ ಅಂತಾರೆ ಪುಣ್ಯಾತ್ಮ."

"ಅವರು ಎಲ್ಲಿದ್ದಾರೆ ಈಗ?"

"ಅದನ್ನೇ ಹೇಳೋಣ ಅಂತ. ರೈಲಿನ ತನಕ ಕಾಯೋಕಾಗಲ್ಲ, ಮೊದಲು ಆ ತಾಯಿನ ನೋಡ್ತೀನಿ ಅಂತ ಬೆಳಿಗ್ಗೇನೇ ಬಸ್ ಹತ್ತಿದ್ದಾರೆ. ಇಷ್ಟೊತ್ತಿಗೆ ರಾಯಲ್ಪಾಡಲ್ಲಿ ಇಳಿದಿರ್ಬೇಕು."

ಸತ್ತ ಹುಡುಗನ ಮುಖ ಬಲ್ಲ ಒಬ್ಬನೇ ಮನುಷ್ಯ. ಅವನು ಈ ಮನೆಗೆ ಬರುತ್ತಿದ್ದಾನೆ. ಬಂದು ಕದಿರಪ್ಪನ ಮುಖ ಹೀಗಿತ್ತು, ಹಾಗಿತ್ತು ಎನ್ನುತ್ತಾನೆ. ಎನ್ನಲಿ. ಮನೆಯಲ್ಲಿ ಹೋಲಿಸಿ ನೋಡಲು ಒಂದು ಫೋಟೋ ಕೂಡ ಇಲ್ಲ. ಗಂಗಾಲಕ್ಷ್ಮಿ ಫೋನನ್ನು ಜೇಬಿಗಿಟ್ಟು ಕಣಕ್ಕೆ ಮರಳಿದಳು.

"ಯಾರೇ?" ಅಮ್ಮ ಕೇಳಿದಳು.

"ಮಾಸ್ತಿ ಕಡೆಯಿಂದ ಯಾರೋ ಬರ್ತಿದ್ದಾರೆ, ನಿನ್ನ ನೋಡೋಕೆ. ಯಾರೂ ಜಾಸ್ತಿ ಮಾತಾಡ್ಬೇಡಿ. ಕಾಫಿ ಕೊಟ್ಟು ಕಳಿಸೋಣ."

ಅಷ್ಟರಲ್ಲಿ ಆಟೋ ಒಂದು ತೋಪಿನ ದಾರಿಯಲ್ಲಿ ಧೂಳೆಬ್ಬಿಸುತ್ತಾ ಬಂದು ಕಣದ ಅಂಚಿನಲ್ಲಿ ನಿಂತಿತು. ಎಂಬತ್ತರ ಹತ್ತಿರದ ಒಬ್ಬ ಮುದುಕ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಬಾಳೆಹಣ್ಣಿನ ಕವರು. ಇಳಿದು ಸೊಂಟ ನೆಟ್ಟಗೆ ಮಾಡಿಕೊಂಡು, ಮೊದಲು ಅಮ್ಮನ ಕಡೆ ಕೈಮುಗಿದ.

ಅಮ್ಮನೂ ಕೈಮುಗಿದಳು.

ಮುದುಕನ ಕಣ್ಣು ಅವಳಿಂದ ಸರಿದು ಮೆದೆಯ ನೆರಳಿಗೆ ಹೋಯಿತು. ಅಲ್ಲಿಯೇ ನಿಂತುಬಿಟ್ಟಿತು. ಅವನ ಕೈಯಲ್ಲಿದ್ದ ಕವರು ನಿಧಾನವಾಗಿ ಕೆಳಗಿಳಿದು ನೆಲ ಮುಟ್ಟಿತು.

ಚಿಕ್ಕಪ್ಪ ಎದ್ದು ನಿಂತಿದ್ದರು. ಎರಡೂ ಕೈ ಮೈಗೆ ಅಂಟಿದ್ದವು. ಗಲ್ಲ ಮೇಲೆ, ಹಿಮ್ಮಡಿ ಜೋಡಿ. ಅವರು ಹಾಗೆ ನಿಂತದ್ದನ್ನು ಗಂಗಾಲಕ್ಷ್ಮಿ ಎಂದೂ ಕಂಡಿರಲಿಲ್ಲ.

"ಗಂಗಾಧರಾ," ಎಂದರು ಅವರು. "ಲೇ, ಲಾರಿ ಗಂಗಾಧರಾ. ನೀನು ಬದುಕಿದ್ದೀಯೇನೋ?"

ಗಂಗಾಲಕ್ಷ್ಮಿ ಆ ಹೆಸರನ್ನು ಯಾರಿಗೂ ಹೇಳಿರಲಿಲ್ಲ. ಲಾರಿಯವನು ಕದಿರಪ್ಪನನ್ನು ಕಂಡದ್ದು ಆ ಒಂದು ಸಂಜೆ, ಆ ನಾಲೆಯ ಹತ್ತಿರ ಮಾತ್ರ.

ಅವಳು ಅಮ್ಮನ ಕಡೆ ತಿರುಗಿದಳು. ಅಮ್ಮನಿಗೆ ಎಲ್ಲ ಗೊತ್ತಿತ್ತೆಂದು ಒಂದು ಗಳಿಗೆಯ ಹಿಂದೆ ನಂಬಿದ್ದಳು. ಅಮ್ಮನ ಮುಖದಲ್ಲಿ ಈಗ ಬಣ್ಣವೇ ಇರಲಿಲ್ಲ. ಐವತ್ತನಾಲ್ಕು ವರ್ಷ ಮೈದುನನೆಂದು ಕರೆದ ಮನುಷ್ಯನನ್ನು ಅವಳು ಮೊದಲ ಸಲ ಎದುರಿಗೆ ಸಿಕ್ಕವನಂತೆ ನೋಡುತ್ತಿದ್ದಳು.

"ರೀ," ಎಂದಳು ಅಮ್ಮ. ಆ ಬಾಯಿಂದ ಆ ಕರೆಯನ್ನು ಗಂಗಾಲಕ್ಷ್ಮಿ ಹುಟ್ಟಿದಾಗಿನಿಂದ ಕೇಳಿರಲಿಲ್ಲ. "ರೀ, ನೀವು ಅಲ್ಲಿಗೆ ಹೋಗಿದ್ರಾ?"